ಅಂಬಿಗನ ಪಟ್ಟಿಯ ಕೊನೇ ಸಾಲು

...ಬೇಡ ಬೇಡ, ಏಳ್ಬೇಡ, ಕುರ್ಚಿ ನೀನೇ ಇಟ್ಕೋ! ನಾನು ಇಲ್ಲೇ ಕೆಳಗೆ ಕೂತ್ಕೋತೀನಿ. ಚಾಪೆನೂ ಬೇಡ ಮಾರಾಯ, ನೆಲ ತಣ್ಣಗಿದೆ, ಹಾಯಾಗಿದೆ. ನೀನು ಮೇಲೆ, ನಾನು ಕೆಳಗೆ... ಹಾಂ, ಹೀಗೇ ಸರಿ. ಎರಡು ಬಸ್ ಬದಲಾಯಿಸಿ ಬಂದಿದ್ದೀನಿ, ಅದರ ಮೇಲೆ ನಿಮ್ಮ ನಾಲ್ಕು ಮಹಡಿ ಮೆಟ್ಟಿಲು. ಒಂದ್ನಿಮಿಷ ಉಸಿರು ತಗೋತೀನಿ. ಆಮೇಲೆ ಬೈಯುವೆಯಂತೆ.

ಬೈಯಲ್ವಾ? ಗೊತ್ತು, ಬೈಯೋನಲ್ಲ ನೀನು. ಬೈದಿದ್ರೆ ನನಗೆ ಎಷ್ಟೋ ಹಗುರ ಆಗ್ತಿತ್ತು.

ನಿಮ್ಮಮ್ಮ... ಹೇಳಲೋ ಬೇಡವೋ... ಬಾಗಿಲು ತೆಗೆದವರು ನಾನು ಯಾರು ಅಂತ ಬಾಯಿ ಬಿಡೋದ್ರೊಳಗೆ ಕೈ ಹಿಡ್ಕೊಂಡ್ರು ಕಣೋ. 'ಆಫೀಸಿನವರಾ? ಇವನ ಜೊತೆ ಮೆಟ್ಟಿಲ ಮೇಲೆ ಕೂತು ಊಟ ಮಾಡೋರು ನೀವೇನಾ?' ಅಂದ್ರು. ಅಷ್ಟು ಹೇಳಿದ್ದೀಯಾ ಅವರಿಗೆ? ಅವರ ಮುಖ ನೋಡ್ಬೇಕಿತ್ತು ನೀನು. ಹೆಣ್ಣು ನೋಡೋಕೆ ಹೋಗ್ಬೇಕಾದವರ ಮನೆಗೆ ಹೆಣ್ಣೇ ನಡ್ಕೊಂಡು ಬಂದ ಹಾಗೆ! ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಈಗ ಒಳಗೆ ಟೀ ಇಡ್ತಿದ್ದಾರೆ. ಕಪಾಟಿಂದ ಒಳ್ಳೇ ಕಪ್ ಇಳಿಸಿ ತೊಳೀತಿದ್ದಾರೆ ಅನ್ಸುತ್ತೆ, ಸದ್ದು ಕೇಳ್ತಿದೆ. ಮೆಲ್ಲಗೆ ಮಾತಾಡ್ತೀನಿ. ಅವರಿಗೆ ಕೇಳಿಸಬಾರದ್ದು ಇದೆ ಇದರಲ್ಲಿ.

ಇದು ತಗೋ. ಛತ್ರಿ. ಮುರಿದಿದೆ, ನೋಡು, ಒಂದು ಕಡ್ಡಿ ಪೂರ್ತಿ ಹೋಗಿದೆ. ನೀನು ಆಫೀಸಲ್ಲಿ ಯಾರೋ ಬಿಟ್ಟು ಹೋದ ಮುರುಕು ಛತ್ರಿಗಳನ್ನೆಲ್ಲ ಮೇಜಿನ ಕೆಳಗೆ ಸೇರಿಸಿ, ತಂತಿ ಕಟ್ಟಿ, ಮತ್ತೆ ಅದೇ ಮೂಲೇಲಿ ಇಟ್ಟು ಬರ್ತಿದ್ಯಲ್ಲ... ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಾಗ್ಬಾರದು. ಅದಕ್ಕೇ ತಂದೆ. ಮನೇಲಿ ಬಿದ್ದಿತ್ತು.

ಯಾಕೆ ನಗ್ತೀಯಾ?

ಏನು, ಹಿಡಿ ತಿರುಗಿಸಿ ನೋಡೋದೇನಿದೆ... ಅಯ್ಯೋ. ಬೆಲೆ ಚೀಟಿ. ಕಿತ್ತಿಲ್ವಾ ನಾನು? ಸರಿ, ಹೌದು, ಇವತ್ತೇ ತಗೊಂಡಿದ್ದು! ಮುರಿದ ಛತ್ರಿ ಬೇಕು ಅಂದ್ರೆ ಎಲ್ಲಿ ಸಿಗುತ್ತೆ? ಹೊಸದು ತಗೊಂಡು ಅಂಗಡಿ ಮೆಟ್ಟಿಲ ಮೇಲೆ ನಾನೇ ಮುರಿದೆ. ಮೊಣಕಾಲು ಕೊಟ್ಟು. ಅಂಗಡಿಯವನು ಹೊರಗೆ ಬಂದು, 'ಮೇಡಂ, ಇಷ್ಟ ಆಗಿಲ್ಲ ಅಂದ್ರೆ ಬೇರೆ ಕೊಡ್ತೀನಿ' ಅಂದ. ನಗು, ನಗು. ಐದು ದಿನ ಆಯ್ತು ನಿನ್ನ ಹಲ್ಲು ನೋಡಿ.

ನಗು ನಿಲ್ಲಿಸ್ಬಿಟ್ಟೆ.

ಸರಿ, ವಿಷಯಕ್ಕೆ ಬರ್ತೀನಿ. ನಾಲ್ಕು ದಿನದಿಂದ ನಿನ್ನ ಮೇಜು ಖಾಲಿ. ನಿನ್ನ ಪರದೆ ಮೇಲೆ ಯಾರೋ 'ಜರಡಿ ರಜೆ' ಅಂತ ಚೀಟಿ ಅಂಟಿಸಿದ್ದಾರೆ. ಆ ಹೆಸರು ನಿನಗೆ ಇಷ್ಟ ಇಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ. ನೀನಿಲ್ಲದೆ ತಪ್ಪೆಲ್ಲ ಸೋಸದೆ ಹಾಗೇ ಒಳಗೆ ಹೋಗ್ತಿದೆ. ನಿನ್ನೆ ಗೇಮಲ್ಲಿ ಒಂದು ಕುದುರೆ ಗೋಡೆ ಒಳಗೆ ನಡ್ಕೊಂಡು ಹೋಯ್ತು, ಯಾರೂ ನೋಡ್ಲಿಲ್ಲ. ನಾವು ಬರೆಯೋರು ಹತ್ತು ಜನ ಇದ್ರೂ ನಿನ್ನ ಹಾಗೆ ಆಡಿ ನೋಡೋನು ಒಬ್ಬ ಇಲ್ಲ ಅಂದ್ರೆ... ನೋಡು, ಮತ್ತೆ ಗೇಮ್ ಮಾತೇ ಬಂತು. ನಾನು ಅದಕ್ಕೆ ಬಂದಿಲ್ಲ.

ತಪ್ಪಾಯ್ತು. ಅದನ್ನ ಹೇಳೋಕೆ ಬಂದೆ. ನನ್ನಿಂದ ತಪ್ಪಾಯ್ತು. ಯಾಕೆ ಮಾಡ್ದೆ ಅಂತ ಕಾರಣ ಹೇಳಲ್ಲ. ಕಾರಣ ಹೇಳಿದ್ರೆ ಅರ್ಧ ತಪ್ಪು ನಿನ್ನ ತಲೆ ಮೇಲೆ ಹಾಕಿದ ಹಾಗೆ.

...

ಯಾಕೆ ಹಾಗೆ ಕಣ್ಣು ಮುಚ್ಕೊಂಡೆ?

ಓ.

ಗೊತ್ತಾಯ್ತು. ಅದು... ಅದು ಆಟದ ಸಾಲು, ಅಲ್ವಾ? ನಾನು ಬರೆದ ಅಂಬಿಗ ಮುನಿಸ್ಕೊಂಡಾಗ ಆಡೋರ ಮುಂದೆ ಬರೋ ಮೂರು ಮಾತಲ್ಲಿ ಮೂರನೇದು. 'ಕಾರಣ ಹೇಳಲ್ಲ.' ಅದನ್ನ ಒತ್ತಿದ್ರೆ ಇಪ್ಪತ್ತು ಅಂಕ. ಎಷ್ಟು ಸಲ ಆಡಿದ್ದೀಯ ಆ ದೃಶ್ಯ, ಹನ್ನೊಂದು ಸಲಾನಾ? ಪ್ರತಿ ಸಲ ರಿಪೋರ್ಟಲ್ಲಿ ನೀನು 'ಸರಿಯಾಗಿದೆ' ಅಂತ ಬರೆದಿದ್ದೆ. ಅಂಬಿಗನಿಗಿಂತ ಕೆಳಗೆ ಕೂತರೆ ಎರಡು ಅಂಕ. ಹರಿದ ಬಲೆ ಉಡುಗೊರೆ ಕೊಟ್ರೆ ಹದಿನೈದು, ಹೊಸ ಬಲೆ ಕೊಟ್ರೆ ಐದು ಕಳೀತಾರೆ. ಛತ್ರಿ ತಂದೆ ನಾನು. ದೇವರೇ... ನಾನು ನೆಲದ ಮೇಲೆ ಕೂತಿದ್ದೀನಿ.

ಬೇಕು ಅಂತ ಮಾಡಿದ್ದಲ್ಲ! ಬಸ್ಸಲ್ಲಿ ಬರ್ತಾ ಯೋಚಿಸ್ದೆ, ಇವನಿಗೆ ಏನು ಮಾಡಿದ್ರೆ ಮನಸ್ಸು ಕರಗುತ್ತೆ ಅಂತ. ತಲೇಲಿ ಇದ್ದಿದ್ದು ಅದೊಂದೇ, ನಾನೇ ಬರೆದಿದ್ದು. ಬೇರೇನೂ ಹೊಳೀಲೇ ಇಲ್ಲ. ನೀನು ಏನನ್ನ ಮೆಚ್ತೀಯ ಅಂತ ನನ್ನಷ್ಟು ತಿಳ್ಕೊಂಡವರು ಈ ಊರಲ್ಲಿ ಇಲ್ಲ, ಅದರಿಂದ ನನಗೇ ಉಪಯೋಗ ಇಲ್ಲದ ಹಾಗೆ ಆಗಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಅದು ಸುಳ್ಳಲ್ಲ.

ಎದ್ದು ನಿಲ್ಲಲಾ? ಕುರ್ಚಿ ಮೇಲೆ ಕೂತರೂ ನಾಟಕ, ಕೆಳಗೆ ಕೂತರೂ ನಾಟಕ. ಇರ್ಲಿ. ಇಲ್ಲೇ ಇರ್ತೀನಿ.

ಮೊದಲಿಂದ ಹೇಳ್ಬೇಕು ಇದನ್ನ. ನಿನಗೆ ಗೊತ್ತಿರೋದನ್ನೇ ಹೇಳ್ತೀನಿ, ನನ್ನ ಬಾಯಿಂದ ಒಂದು ಸಲ ಕೇಳು. ನಮ್ಮ ಗೇಮಲ್ಲಿ ನಾಯಕನ ಜೊತೆ ನಡೆಯೋರು ಎಂಟು ಜನ, ಅದರಲ್ಲಿ ನಾಲ್ಕು ಜನರನ್ನ ಪ್ರೀತಿಸಬಹುದು. ಆ ನಾಲ್ಕರಲ್ಲಿ ಅಂಬಿಗ ನನ್ನ ಪಾಲಿಗೆ ಬಂದ. ಒಬ್ಬೊಬ್ಬರಿಗೂ ಅರವತ್ತನಾಲ್ಕು ಸಾಲಿನ ಪಟ್ಟಿ. ಯಾವುದು ಇಷ್ಟ, ಯಾವುದು ಕಂಡ್ರೆ ಆಗಲ್ಲ, ಯಾವುದಕ್ಕೆ ಸಿಟ್ಟು, ಯಾವುದಕ್ಕೆ ಮನಸ್ಸು ತೆರೀತಾರೆ, ಎಲ್ಲಕ್ಕೂ ಅಂಕ. ಅರವತ್ತಾದ್ರೆ ಏಕವಚನ, ಎಂಬತ್ತಾದ್ರೆ ಗುಟ್ಟು, ನೂರಾದ್ರೆ ಪ್ರೀತಿ. ಹೇಳೋಕೆ ಎಷ್ಟು ಸಲೀಸು ನೋಡು!

ನಾನು ಬರೆದ ಮೊದಲನೇ ಅಂಬಿಗ ಹೇಗಿದ್ದ ಗೊತ್ತಾ? ಧೈರ್ಯ ಇಷ್ಟ. ಹೇಡಿತನ ಇಷ್ಟ ಇಲ್ಲ. ಹುಣ್ಣಿಮೆ ಇಷ್ಟ. ನಮ್ಮ ಬಾಸ್, ಗಡಿಯಾರ, ಓದಿ, 'ಇವನು ಉಪ್ಪಿಲ್ಲದ ಊಟ' ಅಂದ. ಟೀಮಿನ ಮುಖ್ಯಸ್ಥ ಆದವನು ತಾರೀಖು ಬಿಟ್ಟು ಬೇರೆ ಒಂದು ಮಾತಾಡಿದ್ದು ಅವತ್ತೇ. 'ಹುಣ್ಣಿಮೆ ಯಾರಿಗೆ ಇಷ್ಟ ಇಲ್ಲ? ಯಾರಿಗೂ ಇಲ್ಲದ ಇಷ್ಟ ಒಂದು ತಗೊಂಬಾ' ಅಂದ. ಎಲ್ಲರ ಮುಂದೆ. ನನಗೆ ಮೈಯೆಲ್ಲ ಉರಿದು ಹೋಯ್ತು. ಅವತ್ತು ಮಧ್ಯಾಹ್ನ ಊಟಕ್ಕೂ ಹೋಗದೆ ಹಿಂದಿನ ಮೆಟ್ಟಿಲ ಕಡೆ ಹೋದ್ರೆ ನೀನು ಕೂತಿದ್ದೆ. ಕಿತ್ತಳೆ ಸುಲೀತಿದ್ದೆ. ಸಿಪ್ಪೆ ಎಲ್ಲೂ ಹರಿಯದ ಹಾಗೆ, ಒಂದೇ ಉದ್ದ ಪಟ್ಟಿ. ಹರಿದು ಹೋದಾಗ ನಿನ್ನ ಮುಖ ಬಾಡಿತು. ನಿಜವಾಗ್ಲೂ ಬಾಡಿತು! ನಾನು ವಾಪಸ್ ಬಂದು ಮೊದಲನೇ ಸಾಲು ಬರೆದೆ.

ಆಮೇಲೆ ದಿನಾ ಬಂದೆ. ನಾಲ್ಕು ತಿಂಗಳು.

ಎಂಥೆಂಥ ಪ್ರಶ್ನೆ ಕೇಳ್ತಿದ್ದೆ! ಅನ್ನ ಬಾಯಲ್ಲಿ ಇಟ್ಕೊಂಡು, 'ನಿಮ್ಮ ಜೊತೆಯವರು ಸಿಕ್ಕಿಬಿದ್ದ ಶತ್ರುನ ಬಿಟ್ಟು ಕಳಿಸಿದ್ರೆ ನಿಮಗೆ ಸಿಟ್ಟು ಬರುತ್ತಾ?' ಯಾವ ಹುಡುಗಿ ಕೇಳ್ತಾಳೆ ಇದನ್ನ? ಬೇರೆ ಯಾರಾದ್ರೂ ಆಗಿದ್ರೆ ಎದ್ದು ಹೋಗ್ತಿದ್ರು. ನೀನು ಡಬ್ಬಿ ಮುಚ್ಚಳ ಮುಚ್ಚಿ, ಐದು ನಿಮಿಷ ಯೋಚಿಸಿ, 'ಶತ್ರು ಊಟ ಮಾಡಿದ್ನಾ ಅಂತ ಮೊದಲು ಕೇಳ್ತೀನಿ' ಅಂದೆ. ಗಡಿಯಾರ ಆ ಸಾಲು ಓದಿ ಎದ್ದು ನಿಂತು ಚಪ್ಪಾಳೆ ಹೊಡೆದ. 'ಎಲ್ಲಿಂದ ತರ್ತೀಯಮ್ಮ ಇದನ್ನೆಲ್ಲ?' ಅಂದ. ನಾನು ಏನಂದೆ ಗೊತ್ತಾ? 'ಹಂಗೇ ಹೊಳೀತು ಸರ್.'

ಹಂಗೇ ಹೊಳೀತು! ನಾಲಗೆಗೆ ನಾಚಿಕೆ ಆಗ್ಲಿಲ್ಲ.

ಎಲ್ಲರ ಎದುರು ಹೊಗಳಿದ್ರೆ ಸಿಟ್ಟು. ಇಸ್ಕೊಂಡ ಪೆನ್ನು ಕೇಳದೆ ವಾಪಸ್ ಕೊಟ್ರೆ ಮೆಚ್ಚುಗೆ. ಲಿಫ್ಟ್ ಅಜ್ಜನ ಜೊತೆ ಒರಟಾಗಿ ಮಾತಾಡಿದವರ ಜೊತೆ ಮೂರು ದಿನ ಮಾತಿಲ್ಲ. ಹಿಂದಿನಿಂದ ಬಂದು ಹೆಗಲು ಮುಟ್ಟಿದ್ರೆ ಬೆಚ್ಚಿಬೀಳ್ತೀಯ, ಆಮೇಲೆ ನೀನೇ ಕ್ಷಮೆ ಕೇಳ್ತೀಯ. ಎಲ್ಲ ಎತ್ಕೊಂಡೆ. ನೀನು ಕೊನೇ ತುತ್ತು ನುಂಗೋ ಹೊತ್ತಿಗೆ ನಾನು 'ಮೀಟಿಂಗ್ ಇದೆ' ಅಂತ ಓಡ್ತಿದ್ದೆನಲ್ಲ? ಮೀಟಿಂಗ್ ಇರ್ಲಿಲ್ಲ ಕಣೋ. ಮರೆಯೋ ಮುಂಚೆ ಬರ್ಕೊಳ್ಳೋಕೆ ಓಡ್ತಿದ್ದೆ.

ನೀನು ಬೇರೆ ಏನೋ ಅಂದ್ಕೊಂಡೆ. ಅದೂ ನನಗೆ ಗೊತ್ತಿತ್ತು. ಎರಡನೇ ತಿಂಗಳಲ್ಲಿ ನೀನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರೋಕೆ ಶುರು ಮಾಡ್ದೆ. ಡಬ್ಬೀಲಿ ಎರಡು ಕಿತ್ತಳೆ ಬಂತು. ಹುಡುಗಿಯೊಬ್ಬಳು ದಿನಾ ಪಕ್ಕದಲ್ಲಿ ಕೂತು, 'ಏನು ಇಷ್ಟ, ಏನು ಕಷ್ಟ, ಯಾವುದಕ್ಕೆ ಅಳು ಬರುತ್ತೆ' ಅಂತ ಕೇಳಿದ್ರೆ ಯಾವ ಗಂಡಸು ತಾನೆ ಅದನ್ನ ಆಫೀಸ್ ಕೆಲಸ ಅಂದ್ಕೋತಾನೆ? ತಪ್ಪು ನಿನ್ನದಲ್ಲ. ನಾನು ಹೇಳ್ಬಹುದಿತ್ತು. ಒಂದು ವಾಕ್ಯ. 'ನೋಡಪ್ಪ, ಇದು ಪಟ್ಟಿಗೆ.' ಹೇಳಿದ್ರೆ ನೀನು ಬಾಯಿ ಮುಚ್ಕೋತಿದ್ದೆ, ನನ್ನ ಅಂಬಿಗ ಮತ್ತೆ ಹುಣ್ಣಿಮೆ ನೋಡ್ತಾ ಕೂತಿರ್ತಿದ್ದ. ಅದಕ್ಕೇ ಹೇಳ್ಲಿಲ್ಲ.

ಒಳಗೆ ನಲ್ಲಿ ನಿಂತಿತು. ಇನ್ನೂ ಮೆಲ್ಲಗೆ ಹೇಳ್ತೀನಿ ಇದನ್ನ.

ಎಂಬತ್ತನೇ ಅಂಕದ ಗುಟ್ಟು.

ನೀನು ಅದನ್ನ ಹೇಳಿದ ದಿನ ನಾನು ಕೇಳೇ ಇರ್ಲಿಲ್ಲ. ನೀನಾಗೇ ಹೇಳ್ದೆ. ನೀನು ಏಳನೇ ಕ್ಲಾಸಲ್ಲಿದ್ದೆ, ಅಮ್ಮ ಅದೇ ಶಾಲೇಲಿ ಕಸ ಗುಡಿಸ್ತಿದ್ರು. ಒಂದಿನ ಪೊರಕೆ ಹಿಡ್ಕೊಂಡು ವರಾಂಡದಲ್ಲಿ ನಿನ್ನ ಹೆಸರು ಹಿಡಿದು ಕೂಗಿದ್ರು, ಊಟದ ಡಬ್ಬಿ ಮರೆತಿದ್ದೆ ಅಂತ. ಪಕ್ಕದ ಹುಡುಗರು 'ಯಾರೋ ಅದು?' ಅಂದ್ರು. ನೀನು 'ಗೊತ್ತಿಲ್ಲ' ಅಂದೆ. ಅಮ್ಮನಿಗೆ ಕೇಳಿಸ್ತು. ಡಬ್ಬಿ ಕಿಟಕಿ ಮೇಲೆ ಇಟ್ಟು ಹೋದ್ರು. ಮಾರನೇ ದಿನದಿಂದ ಶಾಲೆ ಬಿಡೋ ತನಕ, ಮೂರು ವರ್ಷ, ಎದುರು ಸಿಕ್ಕಿದಾಗೆಲ್ಲ ನಿನ್ನನ್ನ... ಹೆತ್ತ ಮಗನನ್ನ... 'ಸ್ವಲ್ಪ ಪಕ್ಕಕ್ಕೆ ಬನ್ನಿ, ನೆಲ ಒದ್ದೆ ಇದೆ' ಅಂತಿದ್ರು. ಮನೇಲಿ 'ಕಂದಾ'. ಅಲ್ಲಿ 'ಬನ್ನಿ'. ಅದರ ಬಗ್ಗೆ ಅವರೂ ಮಾತಾಡ್ಲಿಲ್ಲ, ನೀನೂ ಮಾತಾಡ್ಲಿಲ್ಲ. ಇವತ್ತಿನ ತನಕ.

ಹೇಳಿ ಮುಗಿಸಿ ನೀನು ಡಬ್ಬಿ ಒರೆಸ್ತಾ ಕೂತೆ. ನಾನು ಏನು ಮಾಡ್ಬೇಕಿತ್ತು? ಸುಮ್ಮನೆ ಕೂತಿರ್ಬೇಕಿತ್ತು. 'ಮೀಟಿಂಗ್ ಇದೆ' ಅಂದೆ.

ಆಟದಲ್ಲಿ ಪೊರಕೆ ಇಲ್ಲ, ಶಾಲೆ ಇಲ್ಲ. ಅಂಬಿಗನ ತಾಯಿ ನದಿ ಮೆಟ್ಟಿಲು ತೊಳೀತಾಳೆ. ಅಷ್ಟು ಬದಲಾಯಿಸಿ, 'ಮುಗೀತು, ಈಗ ಇದು ಅವನದ್ದು' ಅಂದ್ಕೊಂಡೆ. ಆದರೆ ಆ 'ಬನ್ನಿ' ಬಿಡೋಕೆ ಮನಸ್ಸು ಬರ್ಲಿಲ್ಲ. ಧ್ವನಿ ಕೊಡೋನು ರೆಕಾರ್ಡಿಂಗ್ ಕೋಣೇಲಿ ಅದನ್ನ ಓದಿ ಕಣ್ಣು ಒರೆಸ್ಕೊಂಡ. ಟ್ರೈಲರ್ ಶುರುವಾಗೋದೇ ಅದರಿಂದ. ಮುಂದಿನ ವಾರ ಎಲ್ಲ ಕಡೆ ಬರುತ್ತೆ. ನೀನು ಸಂಜೆ ಆಡ್ತಾ ಕೂತರೆ ಅಮ್ಮ ಪಕ್ಕ ಕೂತು ನೋಡ್ತಾರೆ ಅಂತ ನೀನೇ ಹೇಳಿದ್ದೆ, ಅಲ್ವಾ? ಅದು ನನಗೆ ನೆನಪಿತ್ತು. ನೆನಪಿದ್ದೂ...

ನಿನ್ನ ರಿಪೋರ್ಟ್ ಬಂತು. ನನ್ನ ಹೆಸರಿಗೇ ಬಂತು. 'ಅಂಬಿಗನ ಗುಟ್ಟಿನ ದೃಶ್ಯ. ಮೂರನೇ ಸಾಲು ಈ ಪಾತ್ರದ್ದಲ್ಲ. ದಯವಿಟ್ಟು ತೆಗೆಯಿರಿ.' ಇಷ್ಟೇ. ಅದರ ಕೆಳಗೆ ದೋಷದ ತೂಕ ಅಂತ ಇರುತ್ತಲ್ಲ, ದೊಡ್ಡದು, ಮಧ್ಯಮ, ಸಣ್ಣದು? ನೀನು 'ಸಣ್ಣದು' ಅಂತ ಹಾಕಿದ್ದೆ. ಕುದುರೆ ಬಾಲ ಅಲ್ಲಾಡದೆ ಹೋದ್ರೆ 'ಮಧ್ಯಮ' ಹಾಕೋನು ನೀನು!

ನಾನು ಏನು ಒತ್ತಿದೆ ಅಂತ ನಿನಗೆ ಗೊತ್ತು. 'ಇದು ದೋಷವಲ್ಲ. ಹೀಗೇ ಇರಬೇಕು.' ಒತ್ತಿ, ಟೀ ಕುಡಿಯೋಕೆ ಹೋದೆ. ವಾಪಸ್ ಬಂದಾಗ ನಿನ್ನ ಕುರ್ಚಿ ಖಾಲಿ ಇತ್ತು.

ಏನು? ನನ್ನ ಬ್ಯಾಗ್ ಯಾಕೆ ನೋಡ್ತೀಯಾ?

...ಹೌದು. ಆಫೀಸ್ ಲ್ಯಾಪ್‌ಟಾಪ್ ತಂದಿದ್ದೀನಿ. ಹೌದು, ಗಡಿಯಾರನೇ ಕಳಿಸಿದ್ದು. ಸಾಕಾ? ನಾಳೆ ಬೆಳಗ್ಗೆ ಹತ್ತಕ್ಕೆ ಗೇಮ್ ಮುಚ್ತಾರೆ, ಆಮೇಲೆ ಒಂದು ಅಕ್ಷರ ಮುಟ್ಟೋ ಹಾಗಿಲ್ಲ. ರಿಪೋರ್ಟ್ ಹಾಕಿದವನು 'ಒಪ್ಪಿದೆ' ಅಂತ ಒತ್ತದೆ ಇದ್ರೆ ಮುಚ್ಚೋಕಾಗಲ್ಲ. ಇಡೀ ಗೇಮ್ ನಿನ್ನ ಒಂದು ಸಣ್ಣ ದೋಷಕ್ಕೆ ಕಾದು ನಿಂತಿದೆ. 'ನೀನು ಹೋದ್ರೆ ಒತ್ತುತ್ತಾನೆ, ನೀವಿಬ್ಬರೂ ಸ್ನೇಹಿತರಲ್ವಾ?' ಅಂದ ಅವನು, ಹುಬ್ಬು ಹಾರಿಸಿ. ನಾನು ಇಲ್ಲ ಅನ್ಲಿಲ್ಲ. ಬಸ್ ಹತ್ತಿದೆ. ಛತ್ರಿ ತಗೊಂಡೆ. ಮುರಿದೆ.

ಲ್ಯಾಪ್‌ಟಾಪ್ ಕೇಳ್ಬೇಡ. ಕೈ ಚಾಚ್ಬೇಡ, ಪ್ಲೀಸ್. ಕೊಡಲ್ಲ ನಾನು! ಕೇಳಿದ ತಕ್ಷಣ ಒತ್ತಿಬಿಡ್ತೀಯ ಅಂತ ಗೊತ್ತಿದ್ದೇ ತಾನೆ ನನ್ನ ಕಳಿಸಿದ್ದು. ಇರು. ಇರು ನೋಡು. ಹೀಗೆ ತಿರುಗಿಸ್ತೀನಿ, ನಿನಗೂ ಕಾಣ್ಲಿ. ರಿಪೋರ್ಟ್. 'ಮತ್ತೆ ತೆರೆಯಿರಿ.' ತೆರೆದೆ. ಮೂರನೇ ಸಾಲು, ಆ 'ಬನ್ನಿ'... ಅಳಿಸಿದೆ. ಧ್ವನಿ ಫೈಲೂ ಅಳಿಸಿದೆ. ಟ್ರೈಲರ್ ಮಾಡೋರಿಗೆ ನಾನೇ ಹೇಳ್ತೀನಿ, ಗಡಿಯಾರ ಕಿರುಚಾಡ್ಲಿ. ದೋಷದ ತೂಕ... 'ದೊಡ್ಡದು.' ಆಯ್ತು. ನೋಡು, ಹೋಯ್ತು.

ಥ್ಯಾಂಕ್ಸ್ ಹೇಳ್ಬೇಡ. ತಲೆ ಅಲ್ಲಾಡಿಸ್ಬೇಡ. ನಾಲ್ಕು ದಿನದ ಹಿಂದೆ ಮಾಡ್ಬೇಕಾದ ಕೆಲಸ ಇದು.

ಇನ್ನೂ ನೋಡ್ತಿದ್ದೀಯ.

ಇನ್ನೇನು ಉಳೀತು ಅಂತ ಕೇಳ್ತಿದ್ಯಾ? ಉಳೀತು. ಪಟ್ಟಿ ಮೂರು ತಿಂಗಳಿಗೇ ಮುಗಿದಿತ್ತು ಕಣೋ. ಅರವತ್ತಮೂರು ಸಾಲು, ಕೊನೇದೊಂದು ಬಿಟ್ಟು. ಆಮೇಲೂ ನಾನು ಮೆಟ್ಟಿಲಿಗೆ ಬರ್ತಿದ್ದೆ. ಬರ್ಕೊಳ್ಳೋಕೆ ಏನೂ ಇರ್ಲಿಲ್ಲ, ಆದರೂ ಹನ್ನೆರಡೂವರೆ ಆದ್ರೆ ಕಾಲು ತಾನಾಗೇ ಆ ಕಡೆ ತಿರುಗೋದು. ಮೀಟಿಂಗ್ ಇದೆ ಅನ್ನೋದು ಬಿಟ್ಟಿದ್ದೆ, ಗಮನಿಸಿದ್ಯಾ? ಅದು... ಅದು ನಿಜ. ನಂಬು ಅಂತ ಹೇಗೆ ಹೇಳ್ಲಿ. ತೋಳ ಬಂತು ತೋಳ ಅಂತ ನಾಲ್ಕು ತಿಂಗಳು ಕೂಗಿದವಳ ಮಾತು.

ಹಾಗೆ ನೋಡ್ಬೇಡ. ಗೊತ್ತು ನಿನಗೆ. ನೀನು ದೊಡ್ಡ ಮನಸ್ಸಿನವನು, ಐದು ವಾರದಿಂದ ಆ ಮಾತು ಎತ್ತಿಲ್ಲ. ಆದರೆ ಇವತ್ತು ಅದನ್ನ ಹೇಳದೆ ಎದ್ದು ಹೋದ್ರೆ ಉಳಿದಿದ್ದೆಲ್ಲ ಹೇಳಿದ್ದೂ ದಂಡ. ಆ ಭಾನುವಾರ. ಸ್ಟೇಷನ್ ಎದುರು, ಗಡಿಯಾರ ಕಂಬದ ಕೆಳಗೆ, ನಾಲ್ಕು ಗಂಟೆಗೆ ಬಾ ಅಂತ ನಾನೇ ಕರೆದಿದ್ದೆ. ಮೊದಲನೇ ಸಲ ಮೆಟ್ಟಿಲು ಬಿಟ್ಟು ಹೊರಗೆ. ಸಿನಿಮಾ ಅಂತ.

ಕೊನೇ ಸಾಲು ಖಾಲಿ ಇತ್ತು. 'ನಂಬಿದವರೇ ಮೋಸ ಮಾಡಿದಾಗ ಏನು ಮಾಡ್ತಾನೆ?' ಗಡಿಯಾರ ದಿನಾ ಕೇಳ್ತಿದ್ದ. ಅದೊಂದು ಪ್ರಶ್ನೇನ ಡಬ್ಬಿ ಬಿಚ್ಕೊಂಡು ಕೇಳೋಕೆ ಆಗಲ್ಲವಲ್ಲ! ಅದಕ್ಕೇ... ನಾನು ಎದುರುಗಡೆ ಟೀ ಅಂಗಡೀಲಿ ಕೂತಿದ್ದೆ. ನಾಲ್ಕರಿಂದ. ಆರೂ ನಲವತ್ತರ ತನಕ. ಕಪ್ಪು ಗಾಜಿನ ಹಿಂದೆ. ಪೆನ್ನು ಹಿಡ್ಕೊಂಡು.

ನೀನು ಎರಡು ಟಿಕೆಟ್ ತೆಗೆದು ನೋಡ್ದೆ, ಜೇಬಿಗೆ ಹಾಕ್ಕೊಂಡೆ. ಒಂದೇ ಒಂದು ಫೋನ್ ಮಾಡ್ಲಿಲ್ಲ. ಯಾರೋ ಮಗು ಕಳೆದುಹೋಗಿ ಅಳ್ತಿತ್ತು, ಅವರಮ್ಮನ್ನ ಹುಡುಕಿ ಕೊಟ್ಟು ಓಡಿ ಬಂದು ಅದೇ ಜಾಗದಲ್ಲೇ ನಿಂತೆ, ನಾನು ಬಂದು ಹೋಗಿಬಿಟ್ಟೆನೇನೋ ಅಂತ. ನನಗೆ ಎದ್ದು ಬರ್ಬೇಕು ಅನ್ನಿಸ್ತು. ಹತ್ತು ಸಲ ಅನ್ನಿಸ್ತು. ಬರ್ಲಿಲ್ಲ. ಆಮೇಲೆ ನೀನು ರಸ್ತೆ ದಾಟಿದೆ. ನೇರ ನನ್ನ ಹತ್ತಿರಕ್ಕೇ ಬಂದೆ, ಗಾಜಿನ ಆಚೆ, ಕೈ ಚಾಚಿದ್ರೆ ಮುಟ್ಟೋ ದೂರ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ದೆ. ನಕ್ಕೆ. ನಕ್ಕು ವಾಪಸ್ ಹೋಗಿ ಮತ್ತೆ ಕಂಬದ ಕೆಳಗೆ ನಿಂತೆ!

ಅವತ್ತು ನಾನು ಸತ್ತೇ ಹೋದೆ ಕಣೋ. ಇವನಿಗೆ ಗೊತ್ತಾಯ್ತು, ಗೊತ್ತಾಗಿಯೂ ನನ್ನ ಮರ್ಯಾದೆ ಕಾಪಾಡ್ತಿದ್ದಾನೆ ಅಂತ. ಮಾರನೇ ದಿನ ನೀನು 'ಹುಷಾರಾಗಿದ್ದೀಯಾ?' ಅಂದೆ. ನಾನು 'ಜ್ವರ ಬಂದಿತ್ತು' ಅಂದೆ. ನೀನು 'ಸರಿ' ಅಂದೆ. ಅದರ ಮಾರನೇ ದಿನ ಮಾತ್ರೆ ತಂದು ಕೊಟ್ಟೆ. ಅದನ್ನೇ ಬರೆದೆ ನಾನು, ಕೊನೇ ಸಾಲಲ್ಲಿ: 'ಮೋಸ ಗೊತ್ತಾದ್ರೂ ಗೊತ್ತಾಗದವನ ಹಾಗೆ ನಗ್ತಾನೆ.' ಆ ದೃಶ್ಯ ನಿನ್ನ ಕೈಗೆ ಬರದ ಹಾಗೆ ಬೇರೆ ಟೆಸ್ಟರಿಗೆ ಕೊಡಿಸ್ದೆ. ಪಟ್ಟೀಲೆಲ್ಲ ಶ್ರೇಷ್ಠ ಸಾಲು ಅಂದ್ರು ಎಲ್ಲರೂ. ಅದಕ್ಕೆ ನಿನಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಐದು ವಾರದಿಂದ...

ಏನು?

ಯಾಕೆ ಹಾಗೆ... ಮುಖ ಯಾಕೆ ಬಿಳಿಚ್ಕೊಳ್ತು?

ನೋಡಿದ್ಯಲ್ಲ ನೀನು. ನನ್ನನ್ನ ನೋಡಿ ತಾನೆ ನಕ್ಕಿದ್ದು? ಕಾಲರ್ ಸರಿ ಮಾಡ್ಕೊಂಡೆ, ಕೂದಲು ಹಿಂದಕ್ಕೆ...

ಗಾಜಲ್ಲಿ.

ಗಾಜಲ್ಲಿ ನಿನ್ನ ಮುಖ ನೋಡ್ಕೋತಿದ್ಯಾ? ನಾನು ಬಂದಾಗ ಹೇಗೆ ನಗ್ಬೇಕು ಅಂತ... ನೋಡ್ಕೋತಿದ್ಯಾ?

ಗೊತ್ತೇ ಇರ್ಲಿಲ್ವಾ ನಿನಗೆ? ಇಷ್ಟು ದಿನ... ಜ್ವರ ಅಂದಿದ್ದನ್ನ ನಂಬಿದ್ಯಾ? ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿರ್ಲಿಲ್ಲ. ನಾನೇ ಹೆಗಲು ಮುಟ್ಕೊಂಡೆ. ಹಾಗಾದ್ರೆ ಆ ಸಾಲೂ ಸುಳ್ಳು. ಮೋಸ ಮಾಡಿದಾಗ ನೀನು ಏನು ಮಾಡ್ತೀಯ ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಈಗ... ಈಗ ತಾನೆ ಆಗ್ತಿದೆ ಅದು.

ಗೋಡೆ ಕಡೆ ತಿರುಗ್ಬೇಡ. ಏನಾದ್ರೂ ಅನ್ನು. ಹೊಡಿ ಬೇಕಾದ್ರೆ. ಹೊರಗೆ ಹೋಗು ಅನ್ನು. ಇದಕ್ಕೆ ನನ್ನ ಹತ್ತಿರ ಸಾಲು ಇಲ್ಲ ಕಣೋ, ಮೂರೂ ಇಲ್ಲ, ಒಂದೂ ಇಲ್ಲ...

ಬನ್ನಿ ಅಮ್ಮ. ಬನ್ನಿ ಬನ್ನಿ, ತಟ್ಟೆ ಇಲ್ಲಿ ಕೊಡಿ, ನಾನು ಹಿಡ್ಕೋತೀನಿ... ಇಲ್ಲಮ್ಮ, ನೆಲದ ಮೇಲೇ ಚೆನ್ನಾಗಿದೆ. ಅಳ್ತಿಲ್ಲಮ್ಮ, ಧೂಳು... ಅವನಾ? ಅವನು ಏನೋ ಯೋಚಿಸ್ತಿದ್ದಾನೆ. ಬಿಸಿ ಇದೆ, ಹೌದು, ನಿಧಾನಕ್ಕೆ ಕುಡೀತೀನಿ. ಏನಂದ್ರಿ?

ಜ್ವರಾನಾ, ನನಗಾ?

...ಆ ಭಾನುವಾರ ಮನೆಗೆ ಬಂದು ಊಟನೂ ಮಾಡ್ಲಿಲ್ವಾ ಅವನು. ಆ ಮಾತ್ರೆ... ನೀವು ಕೊಟ್ಟು ಕಳಿಸಿದ್ದಾ ಅಮ್ಮ? ಒಬ್ಬಳೇ ಇರೋ ಹುಡುಗಿ, ಯಾರು ನೋಡ್ಕೋತಾರೋ ಅಂತ... ಅವತ್ತಿಂದ ಕೇಳ್ತಾನೇ ಇದ್ದೀರಾ ಇವನನ್ನ, ಅವಳ ಜ್ವರ ಪೂರ್ತಿ ಬಿಡ್ತಾ ಅಂತ...

ಇಲ್ಲಮ್ಮ. ನನಗೆ ಜ್ವರ ಬಂದಿರ್ಲಿಲ್ಲ.